ಚಾರ್ಟ್ ಎದುರಿಗೇ ಇದ್ದರೂ ಪೈಲಟ್ ತಪ್ಪಾಗಿ ಓದುವುದು ಹೇಗೆ?

ಗೋಳಿಬಜೆ_ಕಾವೂರು

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಉಂಟು, ಬೈಯಬೇಡಿ.

ಕಳೆದ ಜುಲೈಯಲ್ಲಿ ಮುಂಬೈಯಿಂದ ಬಜ್ಪೆಗೆ, ಅಂದರೆ ನಮ್ಮ ಮಂಗಳೂರು ವಿಮಾನ ನಿಲ್ದಾಣಕ್ಕೆ, ಬರುತ್ತಿದ್ದೆ. ಮಳೆ ಅಂದರೆ ಮಳೆ. ಚಕ್ರ ಇಳಿದ ಸದ್ದು ಕೇಳಿತು, ಕಿಟಕಿಯಲ್ಲಿ ತೆಂಗಿನ ಮರದ ತಲೆ, ಯಾರದೋ ಮನೆಯ ತಗಡಿನ ಶೀಟು ಎಲ್ಲ ಕಾಣ್ತಾ ಇತ್ತು. ಇನ್ನೇನು ಇಳೀತು ಅನ್ನುವಾಗ ಎಂಜಿನ್ ಒಮ್ಮೆಲೇ ಗುರ್ ಅಂತ ಜೋರಾಯಿತು, ಮೂತಿ ಮೇಲೆ ಮಾಡಿಕೊಂಡು ಮತ್ತೆ ಮೋಡದೊಳಗೆ ಹೋದೆವು. ಹಿಂದಿನ ಸಾಲಿನಲ್ಲಿ ಒಬ್ಬರು ಅಜ್ಜಿ ಕಟೀಲು ಅಮ್ಮನನ್ನು ಕರೆಯಲು ಶುರು ಮಾಡಿದರು. ಪಕ್ಕದ ಸೀಟಿನಲ್ಲಿ ದುಬೈಯಲ್ಲಿ 30 ವರ್ಷ ದುಡಿದ ಒಬ್ಬರು ಅಂಕಲ್, "ಇವನಿಗೆ ಮ್ಯಾಪ್ ಓದ್ಲಿಕ್ಕೇ ಬರುವುದಿಲ್ಲ ಮಾರಾಯ್ರೆ" ಅಂದರು. ನಾನೂ ಹೌದು ಹೌದು ಅಂದೆ. 20 ನಿಮಿಷ ಸುತ್ತಿ ಎರಡನೇ ಸಲಕ್ಕೆ ಇಳಿದೆವು. ಪೈಲಟ್ ಮೈಕಿನಲ್ಲಿ ಇಂಗ್ಲಿಷಿನಲ್ಲಿ ಎಂತದೋ ಹೇಳಿದರು, "ಸ್ಟೆಬಿಲೈಸ್ಡ್" ಅನ್ನುವ ಒಂದು ಶಬ್ದ ಬಿಟ್ಟರೆ ನನ್ನ ತಲೆಗೆ ಏನೂ ಹೋಗಲಿಲ್ಲ.

ಮನೆಗೆ ಬಂದ ಮೇಲೆ ವಿಮಾನ ಎಲ್ಲಿ ಉಂಟು ಅಂತ ತೋರಿಸುವ ಆ್ಯಪ್‌ನಲ್ಲಿ ನಮ್ಮ ವಿಮಾನದ ದಾರಿಯನ್ನು ಹಿಂದಕ್ಕೆ ಓಡಿಸಿ ನೋಡಿದೆ. ತೀರಾ ಕೆಳಗೆ ಬಂದದ್ದು ಅಂದರೆ 1,050 ಅಡಿ. ಸಾವಿರ ಅಡಿ ಮೇಲೆ ಇರುವಾಗಲೇ ಹೆದರಿ ಎತ್ತಿದ್ದಾರೆ! ಅಷ್ಟು ಎತ್ತರದಲ್ಲಿ ಸರಿ ಮಾಡಿಕೊಳ್ಳಲಿಕ್ಕೆ ಬೇಕಾದಷ್ಟು ಜಾಗ ಇರಲಿಲ್ವಾ? ಇದೇ ವಿಷಯಕ್ಕೆ ಭಾವನ ಹತ್ತಿರ ಎರಡು ಗಂಟೆ ಚರ್ಚೆ ಆಯಿತು. ಭಾವ ಹೇಳುವುದು, ವಿಮಾನ ಬಿಡುವವರು ಚಾರ್ಟ್ ತಪ್ಪಾಗಿ ಓದುವುದೆಲ್ಲ ಕಟ್ಟುಕಥೆ, ಕಂಪನಿಯವರು ತಮ್ಮ ಮಿಷಿನಿನ ದೋಷ ಮುಚ್ಚಲಿಕ್ಕೆ ಸತ್ತವರ ಮೇಲೆ ಹಾಕುತ್ತಾರೆ ಅಂತ. ಆದರೆ ಅಪಘಾತದ ವರದಿಗಳ ಬಗ್ಗೆ ಓದಿದರೆ ಅಲ್ಲಲ್ಲಿ ಇದೇ ಮಾತು ಬರುತ್ತದೆ.

ನನ್ನ ಪ್ರಶ್ನೆ ಇಷ್ಟೇ. ಹತ್ತು ಸಾವಿರ ಗಂಟೆ ಹಾರಿದವರು, ಅದೂ ಇಬ್ಬರು ಕೂತು, ಒಂದು ಹಾಳೆಯನ್ನು ತಪ್ಪಾಗಿ ಓದುವುದು ಹೇಗೆ? ನನ್ನ ಮಗಳು ನಾಲ್ಕನೇ ಕ್ಲಾಸು, ಅವಳು ಅಟ್ಲಾಸ್ ನೋಡಿ ಕಾವೇರಿ ಎಲ್ಲಿ ಹುಟ್ಟುತ್ತದೆ ಅಂತ ತೋರಿಸ್ತಾಳೆ.

---

ಬಲಸೀಟು_ಉಡುಪಿ

ನಾನು ಕೋ-ಪೈಲಟ್. ಈಗ ರಜೆಯಲ್ಲಿ ಮನೆಯಲ್ಲಿದ್ದೇನೆ, ಹೊರಗೆ ಮಳೆ, ಹಾಗಾಗಿ ಉದ್ದ ಬರೆಯಲಿಕ್ಕೆ ಪುರುಸೊತ್ತು ಉಂಟು.

ಮೊದಲು ಮಗಳ ಅಟ್ಲಾಸನ್ನು ಬದಿಗಿಡಿ. ಚಾರ್ಟ್ ಅಂದರೆ ಒಂದು ನಿಲ್ದಾಣದ ಒಂದು ರನ್‌ವೇಗೆ ಒಂದು ರೀತಿಯಲ್ಲಿ ಇಳಿಯಲಿಕ್ಕೆ ಇರುವ ಒಂದು ಹಾಳೆ. ನೋಟ್‌ಬುಕ್ಕಿನ ಪುಟದಷ್ಟು ಇರುತ್ತದೆ. ಮೇಲಿನ ಪಟ್ಟಿಯಲ್ಲಿ ರೇಡಿಯೋ ನಂಬರುಗಳು, ಯಾವ ದಿಕ್ಕು ಹಿಡಿಯಬೇಕು ಅಂತ. ನಡುವೆ ಮೇಲಿನಿಂದ ನೋಡಿದ ಹಾಗೆ ದಾರಿ. ಅದರ ಕೆಳಗೆ ಅದೇ ದಾರಿಯನ್ನು ಪಕ್ಕದಿಂದ ನೋಡಿದ ಹಾಗೆ, ಎಲ್ಲಿ ಎಷ್ಟು ಎತ್ತರದಲ್ಲಿ ಇರಬೇಕು ಅಂತ. ತಳದಲ್ಲಿ ಒಂದು ಪಟ್ಟಿ, ಇಷ್ಟು ಎತ್ತರಕ್ಕೆ ಬಂದಾಗ ರನ್‌ವೇ ಕಾಣದಿದ್ದರೆ ಎತ್ತು ಅಂತ. ಇದರ ಸಂದಿಯಲ್ಲೆಲ್ಲ ಇರುವೆ ಸಾಲಿನ ಹಾಗೆ ಸಣ್ಣ ಅಕ್ಷರದ ಟಿಪ್ಪಣಿ. ಈಗ ಎಲ್ಲ ಐಪ್ಯಾಡಿನಲ್ಲಿ. ದಾರಿ ಸರಿ ಕಾಣಲಿ ಅಂತ ಬೆರಳಿನಿಂದ ದೊಡ್ಡದು ಮಾಡಿದೆವು ಅಂತಿಟ್ಟುಕೊಳ್ಳಿ, ಅಂಚಿನ ಟಿಪ್ಪಣಿ ಪರದೆಯಿಂದ ಹೊರಗೆ ಹೋಯಿತು! ಇದು ನನಗೇ ಆಗಿದೆ. ಅದರ ಮೇಲೆ 28 ದಿನಕ್ಕೊಮ್ಮೆ ಹೊಸ ಆವೃತ್ತಿ.

(ಈ ಚಾರ್ಟುಗಳ ಮೂಲಪುರುಷ ಜೆಪ್ಪೆಸನ್ ಅಂತ ಒಬ್ಬ ಅಮೆರಿಕದ ಪೈಲಟ್. 1930ರ ಸುಮಾರಿಗೆ ಅಂಚೆ ಹೊತ್ತು ಹಾರುತ್ತಿದ್ದವ, ಗುಡ್ಡದ ಎತ್ತರ, ಹೊಲದ ಅಳತೆ ಎಲ್ಲ ಒಂದು ಕಿಸೆ ಪುಸ್ತಕದಲ್ಲಿ ಬರೆದಿಟ್ಟುಕೊಂಡ. ಜೊತೆಯವರು ಕೇಳಿದರು, 10 ಡಾಲರಿಗೆ ಮಾರಿದ. ಇವತ್ತು ನಾವು ನೋಡುವ ಚಾರ್ಟಿನ ಮೇಲೂ ಅವನ ಹೆಸರೇ.)

ತಪ್ಪು ಹೇಗೆ ಆಗುತ್ತದೆ ಅಂದರೆ, ನಿಮ್ಮ ಮನೆ ಗೋಡೆಯ ಕ್ಯಾಲೆಂಡರಿನಲ್ಲಿ ರಾಹುಕಾಲ ನೋಡುವುದಿಲ್ವಾ, ಬುಧವಾರದ್ದು ಅಂತ ಗುರುವಾರದ ಸಾಲು ಓದಿಬಿಡುತ್ತೇವೆ. ಓದಿದ ನಂಬರು ಸರಿಯೇ, ಸಾಲು ಬೇರೆ. 1992ರ ಸೆಪ್ಟೆಂಬರ್ 28ಕ್ಕೆ ಪಾಕಿಸ್ತಾನದ ಪಿಐಎ ವಿಮಾನ ಕಠ್ಮಂಡುವಿನಲ್ಲಿ ಗುಡ್ಡಕ್ಕೆ ಹೊಡೆದದ್ದು ಹೆಚ್ಚುಕಡಿಮೆ ಹೀಗೆಯೇ. ಅಲ್ಲಿ ಮೆಟ್ಟಿಲು ಇಳಿದ ಹಾಗೆ ಇಳಿಯಬೇಕು, ಇಷ್ಟು ಮೈಲಿ ದೂರದಲ್ಲಿ ಇಷ್ಟು ಎತ್ತರ, ಮುಂದಿನ ಗುರುತಿಗೆ ಇಷ್ಟು. ಅವರು ಶುರುವಿನಿಂದ ಕೊನೆಯವರೆಗೆ ಪ್ರತಿಯೊಂದು ಮೆಟ್ಟಿಲನ್ನೂ ಒಂದು ಮೆಟ್ಟಿಲು ಮುಂಚೆಯೇ ಇಳಿದರು. 167 ಜನ, ಒಬ್ಬರೂ ಉಳಿಯಲಿಲ್ಲ. ಒಂದು ಸಾಲು ಜಾರಿದ ಕಣ್ಣು ಕೊನೆಯವರೆಗೂ ಅದೇ ಸಾಲಿನಲ್ಲಿ ಹೋಯಿತು. ಪ್ರತಿ ಹೆಜ್ಜೆಯಲ್ಲೂ ನಂಬರು ಚಾರ್ಟಿನಲ್ಲಿ ಇದ್ದ ನಂಬರೇ ಆದ್ದರಿಂದ ಸಂಶಯವೇ ಬರುವುದಿಲ್ಲ, ಅದೇ ಹೆದರಿಕೆ.

ಇನ್ನೊಂದು ನಮ್ಮ ಬೆಂಗಳೂರಿನದ್ದೇ. 1990ರ ಫೆಬ್ರವರಿ 14, ಇಂಡಿಯನ್ ಏರ್‌ಲೈನ್ಸಿನ ಹೊಸ ಏರ್‌ಬಸ್ 320, ಎಚ್‌ಎಎಲ್ ನಿಲ್ದಾಣದ ಹತ್ತಿರದ ಗಾಲ್ಫ್ ಮೈದಾನದಲ್ಲಿ ಬಿತ್ತು. 146 ಜನರಲ್ಲಿ 92 ಮಂದಿ ಹೋದರು. ನಿಮಿಷಕ್ಕೆ 700 ಅಡಿಯಂತೆ ಇಳಿ ಅಂತ ಒಂದು ಗುಂಡಿ ತಿರುಗಿಸಬೇಕಾದವರು ಎತ್ತರ 700 ಅಡಿ ಅಂತ ಬೇರೆ ಗುಂಡಿ ತಿರುಗಿಸಿರಬೇಕು ಅನ್ನುವುದು ತನಿಖೆಯಲ್ಲಿ ಬಂದ ಮಾತು. ಬೆಂಗಳೂರೇ ಸಮುದ್ರಮಟ್ಟದಿಂದ ಸುಮಾರು 2,900 ಅಡಿ ಮೇಲೆ ಉಂಟು. ಅಂದರೆ ನೆಲದೊಳಗೆ ಹೋಗು ಅಂತ ಹೇಳಿದ ಹಾಗೆ. ಎಂಜಿನ್ ಐಡಲ್‌ಗೆ, ಅಂದರೆ ತೀರಾ ಕಡಿಮೆ ಶಕ್ತಿಗೆ, ಹೋಯಿತು, ವೇಗ ಕಡಿಮೆಯಾದದ್ದು ಗಮನಕ್ಕೆ ಬರುವಾಗ ತಡವಾಗಿತ್ತು.

ಎರಡು ವರ್ಷಕ್ಕೆ ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ಹತ್ತಿರ ಅದೇ ಮಾದರಿ ವಿಮಾನ ಬಿತ್ತು. 3.3 ಡಿಗ್ರಿ ಇಳಿಜಾರು ಬೇಕಿತ್ತು, ವಿಮಾನ ನಿಮಿಷಕ್ಕೆ 3,300 ಅಡಿ ಇಳಿಯಿತು. ಗುಂಡಿ ಒಂದೇ, ಒಂದು ಮೋಡ್‌ನಲ್ಲಿ -3.3 ಅಂತ ತೋರಿಸುತ್ತದೆ, ಇನ್ನೊಂದರಲ್ಲಿ -33 ಅಂತ, ಅಂದರೆ ನಿಮಿಷಕ್ಕೆ 3,300 ಅಡಿ. ಮಧ್ಯೆ ಒಂದು ಚುಕ್ಕೆ! 87 ಜನ. ಆಮೇಲೆ ನಾಲ್ಕು ಅಂಕಿ ಪೂರ್ತಿ ಕಾಣುವ ಹಾಗೆ ಬದಲಾಯಿಸಿದರು. ನಿಮ್ಮ ಭಾವನ ಮಾತಿನಲ್ಲಿ ಸ್ವಲ್ಪ ಸತ್ಯ ಉಂಟು ಅಂತ ನಾನು ಹೇಳುವುದು ಇದಕ್ಕೇ. ತಪ್ಪಾಗಿ ಓದಿದ್ದು ಪೈಲಟ್, ಆದರೆ ತಪ್ಪಾಗಿ ಓದುವ ಹಾಗೆ ಬರೆದವರು ಬೇರೆ.

---

ಮಣಿಪಾಲ_ಬಗ್ಗು

ನಾನು ಸಾಫ್ಟ್‌ವೇರಿನವ, ವಿಮಾನದ ಎಬಿಸಿಡಿ ಗೊತ್ತಿಲ್ಲ, ಆದರೆ ಈ ರೋಗ ನಮ್ಮದೇ. ಹೋದ ತಿಂಗಳು ದೇರಳಕಟ್ಟೆ ಹತ್ತಿರದ ಬೆಳ್ಮಕ್ಕೆ ಒಂದು ಮದುವೆಗೆ ಹೊರಟು, ಫೋನಿನಲ್ಲಿ "ಬೆಳ್ಮ" ಅಂತ ಒತ್ತಿದ ಕೂಡಲೇ ಮೊದಲು ಬಂದದ್ದನ್ನು ಒತ್ತಿ, ಸೀದಾ ಕಾರ್ಕಳದ ಕಡೆಯ ಬೆಳ್ಮಣ್‌ಗೆ ಹೋದವ ನಾನು. ಊಟಕ್ಕೂ ಸಿಕ್ಕಲಿಲ್ಲ.

1995ರ ಡಿಸೆಂಬರಿನಲ್ಲಿ ಕೊಲಂಬಿಯಾದ ಕಾಲಿ ಎಂಬಲ್ಲಿ ಅಮೆರಿಕನ್ ಏರ್‌ಲೈನ್ಸ್ 965ಕ್ಕೆ ಆದದ್ದು ಇದೇ. ಚಾರ್ಟಿನಲ್ಲಿ ರೋಜೊ ಎಂಬ ರೇಡಿಯೋ ಗುರುತಿಗೆ "ಆರ್" ಅಂತ ಒಂದೇ ಅಕ್ಷರ. ಕಂಪ್ಯೂಟರಿನಲ್ಲಿ "ಆರ್" ಒತ್ತಿದರು. ಪಟ್ಟಿಯಲ್ಲಿ ಮೊದಲು ಬಂದದ್ದು ರೋಮಿಯೋ ಎಂಬ ಬೇರೆ ಗುರುತು, ಬೊಗೊಟಾ ಹತ್ತಿರದ್ದು. ವಿಮಾನ ಕತ್ತಲಲ್ಲಿ ಎಡಕ್ಕೆ ತಿರುಗಿ ಬೆಟ್ಟದ ಕಡೆ ಹೋಯಿತು. 159 ಜನ ಸತ್ತು ನಾಲ್ವರು ಬದುಕಿದರು. ಚಾರ್ಟಿನಲ್ಲಿ ಒಂದು ಹೆಸರು, ಡೇಟಾಬೇಸಿನಲ್ಲಿ ಅದೇ ಗುರುತಿಗೆ ಇನ್ನೊಂದು ಹೆಸರು. ನಮ್ಮ ಆಫೀಸಿನಲ್ಲಿ ಇಂಥದ್ದಕ್ಕೆ ದೂರಿನ ಟಿಕೆಟ್ ಹಾಕಿ ಸೋಮವಾರ ನೋಡುವ ಅನ್ನುತ್ತೇವೆ.

ನಗುವಂಥದ್ದೂ ಒಂದು ಉಂಟು, ಯಾರಿಗೂ ಏನೂ ಆಗಲಿಲ್ಲ ಹಾಗಾಗಿ ನಗಬಹುದು. 2015ರಲ್ಲಿ ಏರ್‌ಏಷ್ಯಾ ಎಕ್ಸ್ ವಿಮಾನ ಸಿಡ್ನಿಯಿಂದ ಕೌಲಾಲಂಪುರಕ್ಕೆ ಹೊರಟು ಮೆಲ್ಬರ್ನಿನಲ್ಲಿ ಇಳಿಯಿತು. ಹೊರಡುವ ಮೊದಲು ನಾವೀಗ ಎಲ್ಲಿ ಇದ್ದೇವೆ ಅಂತ ರೇಖಾಂಶ ಹಾಕಬೇಕು. 151 ಡಿಗ್ರಿ 9.8 ಅಂತ ಇದ್ದದ್ದು 15 ಡಿಗ್ರಿ 19.8 ಆಯಿತು. ಒಂದೇ ಸಲ 11,000 ಕಿಲೋಮೀಟರ್ ಆಚೆ! ಪಾಪ, ವಿಮಾನ ತಾನು ಆಫ್ರಿಕದ ಹತ್ತಿರ ಎಲ್ಲೋ ನಿಂತಿದ್ದೇನೆ ಅಂದುಕೊಂಡಿತ್ತು.

---

ಸುರತ್ಕಲ್_ಹಡಗು

ನಾನು ಹಡಗಿನಲ್ಲಿ ಇದ್ದವ, ಈಗ ನಿವೃತ್ತಿ. ಬಲಸೀಟು ಅವರು ಬರೆದದ್ದು ಓದಿ ನನ್ನ ಮೊದಲ ವರ್ಷಗಳು ನೆನಪಾದವು. ಆಗ ಥರ್ಡ್ ಆಫೀಸರ್. ಹಳೆಯ ಬ್ರಿಟಿಷ್ ಚಾರ್ಟುಗಳಲ್ಲಿ ನೀರಿನ ಆಳ ಫ್ಯಾದಮ್ ಲೆಕ್ಕದಲ್ಲಿ, ಹೊಸತರಲ್ಲಿ ಮೀಟರ್. ಒಂದು ಫ್ಯಾದಮ್ ಅಂದರೆ ಆರಡಿ. ಹಲವು ತಿಂಗಳು ಫ್ಯಾದಮ್ ಚಾರ್ಟ್ ನೋಡಿ ನೋಡಿ ಕಣ್ಣು ಕೂತಿತ್ತು. ಒಂದು ಸಣ್ಣ ಬಂದರಿಗೆ ಹೋಗುವಾಗ ಹೊಸ ಚಾರ್ಟ್ ಬಿಡಿಸಿ, ನಮ್ಮ ದಾರಿಯಲ್ಲಿ 9 ಅಂತ ಕಂಡಿತು, ಒಂಬತ್ತು ಫ್ಯಾದಮ್ ಅಂದರೆ ಹದಿನಾರು ಮೀಟರಿಗಿಂತ ಹೆಚ್ಚು, ಧಾರಾಳ ಆಯಿತು ಅಂತ ಪೆನ್ಸಿಲಿನಲ್ಲಿ ಗೆರೆ ಎಳೆದೆ. ನಮ್ಮ ಹಡಗು ನೀರಿನೊಳಗೆ ಎಂಟೂವರೆ ಮೀಟರ್ ಕೂತಿತ್ತು. ಕ್ಯಾಪ್ಟನ್ ಚಹಾ ಹಿಡಿದುಕೊಂಡು ಬಂದರು, ಗೆರೆ ನೋಡಿದರು, ಬೈಯಲಿಲ್ಲ. ಚಾರ್ಟಿನ ಅಂಚಿನ ಮೇಲೆ ಲೋಟ ಇಟ್ಟು, "ಲೋಟದ ಪಕ್ಕ ಎಂತ ಬರೆದಿದೆ, ಗಟ್ಟಿಯಾಗಿ ಓದು" ಅಂದರು. ಡೆಪ್ತ್ಸ್ ಇನ್ ಮೀಟರ್ಸ್. ದಪ್ಪ ಅಕ್ಷರದಲ್ಲಿ ಇತ್ತು. ನನಗೆ ಅದು ಕಾಣಲೇ ಇಲ್ಲ ಅಂದರೆ ನೀವು ನಂಬಬೇಕು.

ಕಣ್ಣಿಗಿಂತ ಕಿವಿ ಇನ್ನೂ ಕೆಟ್ಟದ್ದು. 1989ರಲ್ಲಿ ಕೌಲಾಲಂಪುರದಲ್ಲಿ ಫ್ಲೈಯಿಂಗ್ ಟೈಗರ್ ಎಂಬ ಸರಕು ವಿಮಾನಕ್ಕೆ ಟವರಿನವರು, ಅಂದರೆ ನೆಲದಿಂದ ವಿಮಾನಗಳಿಗೆ ದಾರಿ ಹೇಳುವವರು, ಹೇಳಿದ್ದು "ಡಿಸೆಂಡ್ ಟೂ ಫೋರ್ ಜೀರೋ ಜೀರೋ", ಅಂದರೆ 2,400 ಅಡಿಗೆ ಇಳಿ ಅಂತ. ಪೈಲಟ್‌ಗಳಿಗೆ ಕೇಳಿಸಿದ್ದು "ಟು ಫೋರ್ ಜೀರೋ ಜೀರೋ", 400ಕ್ಕೆ ಇಳಿ ಅಂತ. ಓಕೆ, ಫೋರ್ ಜೀರೋ ಜೀರೋ ಅಂತ ಉತ್ತರವನ್ನೂ ಕೊಟ್ಟರು, ಅಲ್ಲಿ ಯಾರೂ ತಿದ್ದಲಿಲ್ಲ. ಕೈಯಲ್ಲಿದ್ದ ಚಾರ್ಟಿನಲ್ಲಿ 2,400 ಅಂತಲೇ ಇತ್ತು. ನಾಲ್ಕು ಜನ ಹೋದರು.

---

ನೇರಮಾತು_ಪಂಪ್‌ವೆಲ್

ಎಲ್ಲರೂ ಸಬೂಬು ಬರೀತಾ ಇದ್ದೀರಿ. ಚುಕ್ಕೆ, ಅಕ್ಷರ, ಫ್ಯಾದಮ್ಮು. ನಮ್ಮ ಬಜ್ಪೆಯದ್ದು ಯಾಕೆ ಯಾರೂ ಬರೆಯಲಿಲ್ಲ? 2010ರ ಮೇ 22ರ ವಿಮಾನ ಅಪಘಾತ. 158 ಜನ ಹೋದರು. ಅಲ್ಲಿ ಚಾರ್ಟ್ ಕಷ್ಟ ಇತ್ತಾ? ಕ್ಯಾಪ್ಟನ್ ಮಲಗಿದ್ದ, ಅಷ್ಟೇ. ಕೂಳೂರಿನ ಸ್ಮಾರಕಕ್ಕೆ ಹೋಗಿ ನಿಂತು ಈ ಚುಕ್ಕೆ ಕಥೆ ಹೇಳಿ ನೋಡುವ.

---

ಟವರ್_ನಿವೃತ್ತ

ನೇರಮಾತು ಅವರೇ, ನಿಮ್ಮ ಸಿಟ್ಟು ಅರ್ಥ ಆಗುತ್ತದೆ. ಆ ದಿನ ಬೆಳಿಗ್ಗೆ ನಾನು ಬೇರೆ ಊರಿನ ಟವರಿನಲ್ಲಿ ಕಂಟ್ರೋಲರ್ ಆಗಿ ಡ್ಯೂಟಿಯಲ್ಲಿದ್ದೆ, ಸುದ್ದಿ ಬಂದಾಗ ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಅದು ಚಾರ್ಟ್ ತಪ್ಪಾಗಿ ಓದಿದ ಪ್ರಕರಣ ಅಲ್ಲ, ನೀವು ಹೇಳಿದ್ದು ಸರಿ. ಆದರೆ "ಮಲಗಿದ್ದ, ಅಷ್ಟೇ" ಅನ್ನುವುದೂ ಸರಿ ಅಲ್ಲ.

ಕ್ಯಾಪ್ಟನ್ ಒಂದೂವರೆ ಗಂಟೆಗಿಂತ ಜಾಸ್ತಿ ನಿದ್ದೆ ಮಾಡಿದ್ದು ಹೌದು, ಗೊರಕೆ ರೆಕಾರ್ಡ್ ಆಗಿದೆ. ಮಂಗಳೂರಿನ ರಾಡಾರ್ ಎರಡು ದಿನದಿಂದ ಕೆಟ್ಟಿತ್ತು, ಹಾಗಾಗಿ ಇಳಿಯಲು ಶುರು ಮಾಡಿದ್ದೇ ತಡ. ರನ್‌ವೇ ಹತ್ತಿರ ಬರುವಾಗ ಇರಬೇಕಾದ ಎತ್ತರದ ಹೆಚ್ಚುಕಡಿಮೆ ಎರಡು ಪಟ್ಟು ಮೇಲೆ ಇದ್ದರು. ಕೋ-ಪೈಲಟ್ ಸರಿಯಾಗಿ ಓದಿದ್ದ. ಎತ್ತು, ಸುತ್ತಿ ಬರುವ ಅಂತ ಮೂರು ಸಲ ಹೇಳಿದ. ಎಚ್ಚರಿಕೆಯ ಯಂತ್ರವೂ ಕೂಗಿತು. 8,000 ಅಡಿ ರನ್‌ವೇಯಲ್ಲಿ 5,200 ಅಡಿ ದಾಟಿದ ಮೇಲೆ ಚಕ್ರ ಮುಟ್ಟಿತು. ಎಂಟು ಜನ ಉಳಿದರು. ವರದಿಯಲ್ಲಿ ನೇರ ಕಾರಣ ಅಂತ ಬರೆದದ್ದು, ಸ್ಥಿರ ಇಲ್ಲದ ಇಳಿತವನ್ನು ಕ್ಯಾಪ್ಟನ್ ಕೈಬಿಡಲಿಲ್ಲ ಅಂತ.

ಸರಿಯಾಗಿ ಓದಿಯೂ ಬಿಟ್ಟುಬಿಡುವುದು ಉಂಟಲ್ಲ, ನನಗೆ ಅದೇ ದೊಡ್ಡ ವಿಷಯ. 1974ರ ಡಿಸೆಂಬರ್ 1ಕ್ಕೆ ವಾಷಿಂಗ್ಟನ್ ಹತ್ತಿರ ಬಿದ್ದ ಟಿಡಬ್ಲ್ಯುಎ ಕಂಪನಿಯ 514 ನಂಬರಿನ ವಿಮಾನ ನೋಡಿ. ಅಪ್ರೋಚಿಗೆ, ಅಂದರೆ ಇಳಿಯಲಿಕ್ಕೆ ರನ್‌ವೇ ಕಡೆ ಬರಲು, ಅನುಮತಿ ಉಂಟು ಅಂತ ಕಂಟ್ರೋಲರ್ ಹೇಳಿದ. ಪೈಲಟ್‌ಗಳು ಅದನ್ನು ಕೊನೆಯ ಎತ್ತರಕ್ಕೆ, 1,800 ಅಡಿಗೆ, ಈಗಲೇ ಇಳಿಯಬಹುದು ಅಂತ ತಿಳಿದರು. ಕ್ಯಾಪ್ಟನ್ ಚಾರ್ಟ್ ನೋಡಿ, ಈ ಹಾಳು ಕಾಗದದಲ್ಲಿ ಮುಂದಿನ ಗುರುತಿನವರೆಗೆ ಕನಿಷ್ಠ 3,400 ಅಂತ ಉಂಟಲ್ಲ ಅಂತ ಹೇಳಿದ್ದು ರೆಕಾರ್ಡಿನಲ್ಲಿ ಉಂಟು. ಓದಿದ್ದು ಪೂರ್ತಿ ಸರಿ! ಆಮೇಲೆ ಅವರವರೇ ಮಾತಾಡಿಕೊಂಡು, ಕಂಟ್ರೋಲರ್ ಬಿಟ್ಟಿದ್ದಾನಲ್ಲ ಅಂತ ಸಮಾಧಾನ ಮಾಡಿಕೊಂಡರು. ಗುಡ್ಡಕ್ಕೆ ಹೊಡೆದು 92 ಜನ ಸತ್ತರು. ನೆಲ ಹತ್ತಿರ ಬಂದರೆ ಕೂಗುವ ಯಂತ್ರ ಅಮೆರಿಕದಲ್ಲಿ ಕಡ್ಡಾಯ ಆದದ್ದು ಅದರ ನಂತರ. ನಮ್ಮ ಕಡೆಯ ತಪ್ಪನ್ನೂ ಮುಚ್ಚುವುದಿಲ್ಲ, ಆ ಕಾಲಕ್ಕೆ ಆ ಅನುಮತಿಯ ಮಾತಿನ ಅರ್ಥ ಪೈಲಟ್‌ಗೆ ಒಂದು, ಕಂಟ್ರೋಲರಿಗೆ ಇನ್ನೊಂದು ಇತ್ತು.

ಇನ್ನು ಗೋಳಿಬಜೆಯವರೇ, ನಿಮ್ಮ 1,050 ಅಡಿ. ಅದನ್ನು ಓದಿದಾಗಿನಿಂದ ನನಗೆ ಕೈ ತುರಿಸುತ್ತಿದೆ.

ಆ ಆ್ಯಪ್ ತೋರಿಸುವ ಎತ್ತರ ನೆಲದಿಂದ ಅಲ್ಲ. ಗಾಳಿಯ ಒತ್ತಡ 1013 ಮಿಲಿಬಾರ್ ಅಂತ ಇಟ್ಟುಕೊಂಡು ಲೆಕ್ಕ ಮಾಡಿದ ಎತ್ತರ. ಜುಲೈಯಲ್ಲಿ ನಮ್ಮ ಕರಾವಳಿಯಲ್ಲಿ ಒತ್ತಡ ಅಷ್ಟು ಇರುವುದಿಲ್ಲ, 1005ರ ಆಸುಪಾಸು ಅಂತ ಇಟ್ಟುಕೊಳ್ಳಿ. ಒಂದು ಅಂಕಕ್ಕೆ ಸುಮಾರು 28 ಅಡಿ. ಎಂಟು ಅಂಕಕ್ಕೆ 220 ಅಡಿ ಆಯಿತು, ಅದನ್ನು ಕಳೆಯಿರಿ. ಉಳಿದದ್ದು 830, ಅದು ಸಮುದ್ರದಿಂದ. ಬಜ್ಪೆ ರನ್‌ವೇ ಇರುವುದು ಗುಡ್ಡದ ಮೇಲೆ, ಪಣಂಬೂರು ಬೀಚಿನಲ್ಲಿ ಅಲ್ಲ, ಅದು ಸುಮಾರು 330 ಅಡಿ. ಅದನ್ನೂ ಕಳೆದರೆ ನೀವು ರನ್‌ವೇಯಿಂದ ಬರೀ 500 ಅಡಿ ಮೇಲೆ ಇದ್ದಿರಿ. ತೆಂಗಿನ ಮರ, ತಗಡಿನ ಶೀಟು ಕಂಡಿತು ಅಂತ ನೀವೇ ಬರೆದಿದ್ದೀರಲ್ಲ, ಸಾವಿರ ಅಡಿ ಮೇಲಿನಿಂದ ಆ ಮಳೆಯಲ್ಲಿ ಶೀಟು ಕಾಣುತ್ತದಾ?

ಮೋಡದಲ್ಲಿ ಬರುವಾಗ 1,000 ಅಡಿಗೆ, ಹೊರಗೆ ಕಾಣುತ್ತಿದ್ದರೆ 500 ಅಡಿಗೆ ವೇಗ, ದಾರಿ, ಇಳಿಯುವ ಗತಿ ಎಲ್ಲ ಹದಕ್ಕೆ ಬಂದಿರಬೇಕು, ಇಲ್ಲದಿದ್ದರೆ ಎತ್ತಬೇಕು ಅಂತ ಹೆಚ್ಚಿನ ಕಂಪನಿಗಳ ನಿಯಮ. "ಸ್ಟೆಬಿಲೈಸ್ಡ್" ಅಂತ ಪೈಲಟ್ ಹೇಳಿದ್ದು ಅದನ್ನೇ ಇರಬೇಕು.

ಒತ್ತಡದ ಅಂಕೆ ಸುಮ್ನೆ ಅಲ್ಲ. 2022ರ ಮೇಯಲ್ಲಿ ಪ್ಯಾರಿಸಿನಲ್ಲಿ ಕಂಟ್ರೋಲರ್ 1001 ಅನ್ನುವ ಬದಲು 1011 ಅಂದುಬಿಟ್ಟರು. ಹತ್ತು ಅಂಕ, 280 ಅಡಿ. ಮಳೆ, ರನ್‌ವೇ ಕಾಣುತ್ತಿಲ್ಲ, ಎತ್ತರ ತೋರಿಸುವ ಮೀಟರಿನಲ್ಲಿ ಎಲ್ಲ ಚಾರ್ಟಿನ ಪ್ರಕಾರವೇ ಇತ್ತು. ಆ ಏರ್‌ಬಸ್ ರನ್‌ವೇಗೆ ಇನ್ನೂ ಒಂದು ಮೈಲಿ ಹತ್ತಿರ ಇರುವಾಗಲೇ ನೆಲದಿಂದ ಆರು ಅಡಿವರೆಗೆ ಹೋಗಿ ಮೇಲೆ ಬಂತು. ನಾನು ನಿವೃತ್ತ ಆದ ಮೇಲೂ ಅದನ್ನು ಓದಿದ ರಾತ್ರಿ ನಿದ್ದೆ ಬರಲಿಲ್ಲ.

---

ಬಲಸೀಟು_ಉಡುಪಿ

ಟವರ್ ಸರ್, 1,050 ನನ್ನ ಕಣ್ಣಿಗೂ ಬೀಳಲಿಲ್ಲ ನೋಡಿ. ಓದಿಕೊಂಡೇ ಹೋದೆ. ಇನ್ನು ಪೈಲಟ್ ಅಂತ ಹೇಳಲಿಕ್ಕೆ ನಾಚಿಕೆ.

---

ಗೋಳಿಬಜೆ_ಕಾವೂರು

ಎಲ್ಲರಿಗೂ ದೊಡ್ಡ ನಮಸ್ಕಾರ. ಟವರ್ ಸರ್ ಬರೆದದ್ದನ್ನು ಭಾವನಿಗೆ ಫಾರ್ವರ್ಡ್ ಮಾಡಿದೆ. ಅರ್ಧ ಗಂಟೆ ಬಿಟ್ಟು ಫೋನ್ ಮಾಡಿ, ಚಾರ್ಟ್ ಓದ್ಲಿಕ್ಕೆ ಬಾರದ್ದು ಯಾರಿಗೆ ಅಂತ ಈಗ ಗೊತ್ತಾಯಿತಲ್ಲ ಅಂದರು. ಹಿಂದಿನಿಂದ ಅಕ್ಕ ನಗುವುದೂ ಕೇಳಿತು.

ಆ ದುಬೈ ಅಂಕಲ್‌ಗೆ ಹೇಳುವ ಅಂದರೆ ನಂಬರು ಇಲ್ಲ. ಬಜ್ಪೆಯಲ್ಲಿ ಬ್ಯಾಗಿಗೆ ಕಾಯುವಾಗ ಅವರು ಪೈಲಟ್ ಮೇಲೆ ಕಂಪ್ಲೇಂಟ್ ಬರೆಯುತ್ತೇನೆ ಅಂದಿದ್ದರು, ಬರೆಯಿರಿ ಅಂಕಲ್, ಬೇಕಾದರೆ ಸಾಕ್ಷಿಗೆ ನಾನಿದ್ದೇನೆ ಅಂತ ನಾನೇ ಹೇಳಿದ್ದೆ. ಬರೆದಿದ್ದಾರೋ ಏನೋ. ಇಲ್ಲಿ ಯಾರಾದರೂ ಅವರ ಪರಿಚಯದವರಿದ್ದರೆ ಬೂದು ಬಣ್ಣದ ಸಫಾರಿ, ಕೈಯಲ್ಲಿ ಖರ್ಜೂರದ ಡಬ್ಬಿ ಇತ್ತು, ಸ್ವಲ್ಪ ಹೇಳಿಬಿಡಿ.